ಬೀಗದ ಕೈ ಯಾರ ಹತ್ತಿರ? ಹಿರಿಯೂರು ಸೀಮೆಯ ಕಲಿಕೆಯ ಸಲಕರಣೆಗಳ ಚರಿತ್ರೆ

ಕಡತ ಎಂದರೆ ಇವತ್ತು ಸರ್ಕಾರಿ ಕಚೇರಿಯ ಫೈಲು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ತಿಂಗಳುಗಟ್ಟಲೆ ತೆಗೆದುಕೊಳ್ಳುವ ವಸ್ತು. ಇನ್ನೂರು ವರ್ಷಗಳ ಹಿಂದೆ ಇದೇ ಹೆಸರಿನ ವಸ್ತು ನಮ್ಮ ಮಕ್ಕಳ ಕಂಕುಳಲ್ಲಿತ್ತು ಎಂಬುದನ್ನು ಮರೆತಿದ್ದೇವೆ.

ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದ ಮೊದಲ ಸಂಪುಟದಲ್ಲಿ ಕಡತವನ್ನು ಅಳೆದು ವಿವರಿಸಿದ್ದಾನೆ. 8 ಅಂಗುಲದಿಂದ 1 ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿ ಬಟ್ಟೆ. ಅದರ ಎರಡೂ ಬದಿಗೆ ಅಂಟು, ಇದ್ದಿಲ ಪುಡಿ ಕಲಸಿದ ಲೇಪ. ಒಣಗಿದ ಮೇಲೆ ಕತ್ತರಿಸದೆ ಹಾಳೆ ಹಾಳೆಯಾಗಿ ಮಡಿಸಿ, ತುದಿಗಳಿಗೆ ಬಣ್ಣ ಬಳಿದ ಮರದ ರಟ್ಟು. ಬರೆಯುವುದು ಬಳಪದಲ್ಲಿ. ವರ್ತಕರ ಲೆಕ್ಕಪತ್ರವೂ ಇದರಲ್ಲೇ ನಡೆಯುತ್ತಿತ್ತು.

ಶಾಲೆಯ ಮಾತಿಗೆ ಬಂದರೆ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಪಕ್ಕದ ಬಳ್ಳಾರಿಯಿಂದ ಸಿಗುತ್ತದೆ. 1823ರ ಆಗಸ್ಟ್‌ನಲ್ಲಿ ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದರಾಸಿಗೆ ಕಳಿಸಿದ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಅವರಲ್ಲಿ ಹುಡುಗಿಯರು ಬರೀ 60. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಾರೆ, ಆಮೇಲೆ ಹಲಗೆಗೋ ಕಡತಕ್ಕೋ ಬರುತ್ತಾರೆ ಎಂದು ಅವನು ಬರೆಯುತ್ತಾನೆ. ಹಲಗೆ ಸುಮಾರು 1 ಅಡಿ ಅಗಲ, 3 ಅಡಿ ಉದ್ದ. ಅನ್ನದ ಗಂಜಿಗೆ ಇದ್ದಿಲ ಪುಡಿ ಕಲಸಿ ಸವರಿದರೆ ಬರೆಯಲು ಸಿದ್ಧ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಸ ಪುಟ. ಬಳ್ಳಾರಿಯ ಆ ಶಾಲೆಗಳಲ್ಲಿ ಕನ್ನಡ ಕಲಿಸುತ್ತಿದ್ದವಕ್ಕೂ ವೇದಾವತಿ ದಡದ ಕೂಲಿಮಠಗಳಿಗೂ, ಅಂದರೆ ಹಳೆಯ ಕಾಲದ ಊರ ಶಾಲೆಗಳಿಗೂ, ಭಾಷೆ ಒಂದೇ, ಬರ ಒಂದೇ. ಆದ್ದರಿಂದ ಅವನ ಚಿತ್ರಣವನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೂ ಅನ್ವಯಿಸಬಹುದು ಎಂಬುದು ನನ್ನ ಅಭಿಪ್ರಾಯ.

ಈ ವಿವರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಲೇಪ. ಹಲಗೆಯ ಕಪ್ಪು ಮಾಸಿದರೆ ಮನೆಯ ಒಲೆಯಲ್ಲೇ ಇದ್ದಿಲು, ಮಡಕೆಯಲ್ಲೇ ಗಂಜಿ. ರಿಪೇರಿಗೆ ಯಾರನ್ನೂ ಕೇಳಬೇಕಿರಲಿಲ್ಲ. ತರಗತಿಗೆ ಬಂದ ತಂತ್ರಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯಾವ ವರ್ಷ ಏನು ಬಂತು ಎಂದು ಬರೆಯುತ್ತೇವೆ. ಬಂದದ್ದು ಯಾರ ಕೈಯಲ್ಲಿತ್ತು, ಕೆಟ್ಟಾಗ ಯಾರು ಸರಿಮಾಡಿದರು ಎಂದು ಕೇಳಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಈ ಲೇಖನ ಕೇಳಹೊರಟಿರುವುದು ಅದನ್ನೇ.

ಮರಳಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್, ಅಲ್ಲಿನ ದೇಶೀ ಶಾಲೆಯೊಂದರ ಮಕ್ಕಳು ಮರಳಲ್ಲಿ ಅಕ್ಷರ ತಿದ್ದುವುದನ್ನು ನೋಡಿ ತನ್ನ ಶಾಲೆಗೆ ತಂದ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಏರ್ಪಾಡನ್ನೂ ಮಾಡಿದ. 1797ರಲ್ಲಿ ಅವನು ಪುಸ್ತಕ ಬರೆದ ಮೇಲೆ ಅದು ಮದರಾಸು ಪದ್ಧತಿ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ತುಂಬ ಹಬ್ಬಿತು. ಇಲ್ಲಿಯ ಮಠಗಳ ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ಸರಿಯಾಗೇ ಇದೆ ಎಂದು ಕ್ಯಾಂಪ್‌ಬೆಲ್ಲನೂ ಒಪ್ಪುತ್ತಾನೆ. ಶಿಕ್ಷಣದ ತಂತ್ರ ಯಾವಾಗಲೂ ಹಡಗು ಇಳಿದೇ ಬಂತು ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಅಳಿಸಲಾಗದ ಹಲಗೆಯೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಅಪ್ಪಣೆ ಅದು, ಈಗಿನ ಮಾತಿನಲ್ಲಿ ಸುತ್ತೋಲೆ. ತಂದೆತಾಯಿಯ ಸೇವೆ ಮಾಡಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತು ಅದರಲ್ಲಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಕಸುಬನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ಹೋಗಿದ್ದಾನೆ. ಸುತ್ತಲಿನ ಕುರಿಗಾಹಿಗೆ ಅದು ಅರ್ಥವಾಗಬೇಕಾದರೆ ಓದಬಲ್ಲವನೊಬ್ಬ ನಡುವೆ ನಿಲ್ಲಲೇಬೇಕಿತ್ತು.

ಈ ಶಾಸನವನ್ನು 1892ರಲ್ಲಿ ಪತ್ತೆಹಚ್ಚಿದ ಬಿ. ಎಲ್. ರೈಸ್ ಅದಕ್ಕೂ ಮೊದಲು ಮೈಸೂರಿನ ಶಿಕ್ಷಣ ಇಲಾಖೆಯನ್ನು ನಡೆಸಿದವರು. ಹೋಬಳಿಗೊಂದು ಶಾಲೆ ತೆರೆಯುವ 1868ರ ಯೋಜನೆ ಅವರದು. ಐಮಂಗಲ, ಧರ್ಮಪುರ, ಜವನಗೊಂಡನಹಳ್ಳಿ ಎಂದು ನಾವು ಇವತ್ತೂ ಹೋಬಳಿ ಲೆಕ್ಕದಲ್ಲೇ ಊರು ಗುರುತಿಸುತ್ತೇವೆ. ಆ ಕಂದಾಯದ ಗೆರೆಯ ಮೇಲೆ ಅಕ್ಷರದ ಗೆರೆಯನ್ನೂ ಎಳೆಯಲು ಹೊರಟ ಮೊದಲ ಯೋಜನೆ ಇದು. ಇದರ ಜೊತೆಗೇ ಕೂಲಿಮಠದ ಇದ್ದಿಲು ಬಳಿದ ಹಲಗೆ ಹಿಂದೆ ಸರಿದು ಕಲ್ಲಿನ ಸ್ಲೇಟು, ಗೋಡೆಯ ಕಪ್ಪು ಹಲಗೆ, ಅಚ್ಚಾದ ಪಠ್ಯಪುಸ್ತಕ, ನಕಾಶೆ ಬಂದವು. ಸ್ಲೇಟು ಒಡೆದರೆ ಮನೆಯಲ್ಲಿ ಮಾಡಿಕೊಳ್ಳಲಾಗದು, ಅಂಗಡಿಗೆ ಹೋಗಬೇಕು. ಕಲಿಕೆಯ ಸಲಕರಣೆ ಒಲೆಯ ಬುಡದಿಂದ ಪೇಟೆಗೆ ಸರಿದದ್ದು ಆಗಲೇ. 1907ರಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು ಮುಗಿದು ಹಿರಿಯೂರಿನ ನೀರಿನ ಲೆಕ್ಕವೇ ಬದಲಾಯಿತು. ಅದೇ ಊರಿನ ಮಕ್ಕಳ ಕೈಯಲ್ಲಿ ಮಾತ್ರ ಬಳಪ ಇನ್ನೂ ಎರಡು ಮೂರು ತಲೆಮಾರು ಹಾಗೇ ಉಳಿಯಿತು. ಅದು ಹಿಂದುಳಿದಿದ್ದಕ್ಕೆ ಗುರುತು ಎಂದು ನಾನು ಹೇಳಲಾರೆ.

ದೂರದಿಂದ ಬರುವ ದನಿಗೆ ನಾಡು ತೆರೆದುಕೊಂಡದ್ದು 1935ರಲ್ಲಿ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಸರ್ಕಾರಕ್ಕೆ ಮುಂಚೆ ಮೇಷ್ಟರೊಬ್ಬರು ಇದನ್ನು ಮಾಡಿದರೆಂಬುದು ನೆನಪಿಡಬೇಕಾದ ಸಂಗತಿ. ನಮ್ಮ ಕಡೆಗೆ ಹತ್ತಿರವಾದದ್ದು 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ, ಮುಂದೆ ಚಿತ್ರದುರ್ಗದ್ದೇ ಎಫ್‌ಎಂ ಕೇಂದ್ರ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್ಇಆರ್‌ಟಿ) ರೂಪಿಸಿದ ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ಪಾಠಗಳು ರೇಡಿಯೊ ಮೂಲಕ ಸರ್ಕಾರಿ ಶಾಲೆಗಳಿಗೆ ಬಂದವು. ಹಾಡು, ಕತೆ, ನಡುನಡುವೆ ಮಕ್ಕಳು ಉತ್ತರಿಸಲೆಂದು ಬಿಟ್ಟ ಮೌನ. ಆ ಮೌನವೇ ಅದರ ಜಾಣತನ. ತೊಡಕೂ ಅಲ್ಲೇ ಇತ್ತು: ಮಕ್ಕಳು ಇನ್ನೂ ಯೋಚಿಸುತ್ತಿದ್ದರೆ ರೇಡಿಯೊ ಕಾಯುವುದಿಲ್ಲ. ಆ ಹೊತ್ತಿಗೆ ಕರೆಂಟು ಇಲ್ಲದಿದ್ದರೆ, ಸೆಲ್ಲು ಇಳಿದಿದ್ದರೆ ಅವತ್ತಿನ ಪಾಠ ಹೋದಂತೆಯೇ. ಆದರೂ ಕೆಟ್ಟ ರೇಡಿಯೊವನ್ನು ಸಂತೆಯ ದಿನ ಹಿರಿಯೂರಿಗೆ ಹೊತ್ತುಕೊಂಡು ಹೋಗಿ ಸರಿಮಾಡಿಸಬಹುದಿತ್ತು. ಉಪಗ್ರಹ ಪಾಠಗಳಿಗೆ ಆ ಅನುಕೂಲ ಇರಲಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಹಳ್ಳಿಗಳಿಗೆ ಪಾಠ ಇಳಿಸಿತು. ಕರ್ನಾಟಕದಲ್ಲಿ ಆ ಪಾಲು ಬಿಜಾಪುರ, ಗುಲ್ಬರ್ಗ, ರಾಯಚೂರಿಗೆ ಹೋಯಿತು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್‌ನ ಪ್ರಾಥಮಿಕ ಶಾಲಾ ಪ್ರಯೋಗ ಚಾಮರಾಜನಗರಕ್ಕೆ. ಎರಡು ಸಲವೂ ದುರ್ಗದ ಜಿಲ್ಲೆ ಹೊರಗೇ ಉಳಿಯಿತು.

ಬೀಗದ ಕಾಲ ಶುರುವಾಗುವುದು ನನ್ನ ದೃಷ್ಟಿಯಲ್ಲಿ 1987ರಿಂದ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಬಂದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯ ಉದ್ದೇಶ ಸರಳವಾಗಿತ್ತು: ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಪಾಠೋಪಕರಣ. ವಿಜ್ಞಾನದ ಪೆಟ್ಟಿಗೆಯಲ್ಲಿ ಅಯಸ್ಕಾಂತ, ಮಸೂರದಂಥ ವಸ್ತುಗಳು ಬಂದವು. ಬಂದವು ದಾಸ್ತಾನು ವಹಿಗೆ ಏರಿದವು. ವಹಿಗೆ ಏರಿದ ಮೇಲೆ ಅದು ಮುಖ್ಯ ಶಿಕ್ಷಕರ ಕೊರಳಿಗೆ ಬಿದ್ದ ಹಾಗೆ. ಒಂದು ಮಸೂರ ಒಡೆದರೆ ಆಡಿಟ್‌ನಲ್ಲಿ ಆಕ್ಷೇಪಣೆ, ವರ್ಗವಾಗಿ ಚಾರ್ಜ್ ಕೊಡುವಾಗ ತಾಪತ್ರಯ. ‘ಕಳೆದ್ರೆ ಯಾರು ಕಟ್ಟಿಕೊಡ್ತಾರೆ ಸಾರ್?’ ಎಂಬ ಪ್ರಶ್ನೆಗೆ ಯಾವ ಸುತ್ತೋಲೆಯಲ್ಲೂ ಉತ್ತರವಿರಲಿಲ್ಲ. ಹಾಗಾಗಿ ಪೆಟ್ಟಿಗೆ ಬೀರುವಿಗೆ, ಬೀರುವಿಗೆ ಬೀಗ. ಇದನ್ನು ಮೇಷ್ಟರ ಸೋಮಾರಿತನ ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಬಳಸಿ ಸವೆಸಿದವನನ್ನು ಹಿಡಿಯುವ, ಬಳಸದೆ ಜೋಪಾನ ಮಾಡಿದವನನ್ನು ಬಿಡುವ ಲೆಕ್ಕಪತ್ರ ಇರುವಾಗ ಯಾರಾದರೂ ಮಾಡುವುದು ಅದನ್ನೇ.

ಇದಕ್ಕೆ ತದ್ವಿರುದ್ಧವಾದದ್ದು ನಲಿ-ಕಲಿ. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ರಟ್ಟಿನ ಕಾರ್ಡು, ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ತೂಗಿಬಿಟ್ಟ ಚಪ್ಪರ, ಮಗುವಿನ ಎತ್ತರಕ್ಕೆ ಬಳಿದ ಗೋಡೆಹಲಗೆ. ಯಾವುದಕ್ಕೂ ವಿದ್ಯುತ್ತು ಬೇಡ. ಮಗು ತಾನೇ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ತಟ್ಟೆಯಿಂದ ಕಾರ್ಡು ತೆಗೆದುಕೊಳ್ಳಬೇಕು. ಕಾರ್ಡಿನ ಮೂಲೆ ಸವೆದರೆ ಅಕ್ಕೋರು ಹೊಸ ರಟ್ಟು ಕತ್ತರಿಸುತ್ತಾರೆ. ನಲಿ-ಕಲಿಯ ಬಗ್ಗೆ ತಕರಾರುಗಳು ಬೇಕಾದಷ್ಟಿವೆ, ಒಬ್ಬರೇ ಶಿಕ್ಷಕರು ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಳ್ಳುವ ಕಷ್ಟವೂ ಸುಳ್ಳಲ್ಲ. ಆದರೆ ಸಲಕರಣೆಯ ದೃಷ್ಟಿಯಿಂದ ಅದು ಕ್ಯಾಂಪ್‌ಬೆಲ್ ಕಂಡ ಇದ್ದಿಲ ಹಲಗೆಯ ನೇರ ವಂಶಸ್ಥ.

ಕಂಪ್ಯೂಟರು ಬೇರೆ ಕುಲದ್ದು. 2001ರಲ್ಲಿ ‘ಮಾಹಿತಿ ಸಿಂಧು’ ಯೋಜನೆ ರಾಜ್ಯದ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. ಹಿಂದೆಯೇ ಕೇಂದ್ರದ ಐಸಿಟಿ ಯೋಜನೆಯ ಹಂತಗಳು ಬಂದವು. ಯಂತ್ರ ತರುವುದು, ನಡೆಸುವುದು, ಬೋಧಕನನ್ನು ಇಡುವುದು ಎಲ್ಲ ಗುತ್ತಿಗೆ ಹಿಡಿದ ಖಾಸಗಿ ಕಂಪನಿಗಳದು. ಅವಧಿ ಮುಗಿದ ಮೇಲೆ ಯಂತ್ರಗಳು ಶಾಲೆಗೆ. ಕಾಗದದ ಮೇಲೆ ಚೊಕ್ಕ ಏರ್ಪಾಡು. ಆದರೆ ಗುತ್ತಿಗೆಯ ಬೋಧಕ ಹೊರಟ ದಿನ ಕಂಪ್ಯೂಟರ್ ಗೊತ್ತಿದ್ದ ಏಕೈಕ ವ್ಯಕ್ತಿಯೂ ಹೊರಟ ಹಾಗಾಯಿತು. ಗಣಿತದ ಮೇಷ್ಟರಾಗಲೀ ಸಮಾಜದ ಮೇಡಮ್ಮನವರಾಗಲೀ ಆ ಕೋಣೆಗೆ ಕಾಲಿಟ್ಟಿದ್ದು ಕಡಿಮೆ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಕೋಣೆಯನ್ನು ನಾನು ನೋಡಿದೆ. ಶಾಲೆಯ ಹೆಸರು ಬೇಡ. ಬೀಗ ತೆಗೆಯಲು ಜವಾನ ಎರಡು ಸಲ ಕೈ ಬದಲಿಸಿ, ಕೊನೆಗೆ ಕೊಬ್ಬರಿ ಎಣ್ಣೆ ತಂದ. ಒಳಗೆ ಹೂವಿನ ಬಟ್ಟೆಯ ಗವಸು ಹೊದ್ದ ಮಾನಿಟರುಗಳು ಸಾಲಾಗಿ, ಮದುವೆಮನೆಯ ಸಾಮಾನಿನ ಹಾಗೆ. ಗವಸು ಹೊಲಿದದ್ದು ಹೊಲಿಗೆ ಟೀಚರಂತೆ, ಅಂಚಿಗೆ ಲೇಸು ಕೂಡ ಇತ್ತು. ಯುಪಿಎಸ್ಸಿನ ಬ್ಯಾಟರಿ ಉಬ್ಬಿ ಬಾಯಿ ಬಿಟ್ಟಿತ್ತು. ಹೊಸ ಬ್ಯಾಟರಿಗೆ ಅರ್ಜಿ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದೆ. ‘ಕಡತದಲ್ಲಿದೆ ಸಾರ್’ ಎಂದರು ಮುಖ್ಯ ಶಿಕ್ಷಕರು.

ಇನ್ನೊಂದು ಬೀಗ ಭಾಷೆಯದು. ಯಂತ್ರ ತೆರೆದರೆ ಎದುರಿಗೆ ಇಂಗ್ಲಿಷು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಶೇಷಾದ್ರಿವಾಸು ಅವರ ಬರಹ ಇರದಿದ್ದರೆ ಕನ್ನಡ ಮಾಧ್ಯಮದ ಶಿಕ್ಷಕರು ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ಬೆರಳಚ್ಚಿಸುವ ದಿನ ಇನ್ನೂ ದೂರವಿರುತ್ತಿತ್ತು. ವಿಷಯ ಶಿಕ್ಷಕರನ್ನೇ ಕಂಪ್ಯೂಟರಿನ ಮುಂದೆ ಕೂರಿಸಬೇಕೆಂಬ ತಿಳಿವಳಿಕೆ ಬಂದದ್ದು ಮುಂದಿನ ದಶಕದಲ್ಲಿ, ವಿಷಯ ಶಿಕ್ಷಕರ ವೇದಿಕೆ, ತಂತ್ರಜ್ಞಾನದ ನೆರವಿನ ಕಲಿಕೆಯ ‘ಟಾಲ್ಪ್’ ತರಬೇತಿಗಳ ಮೂಲಕ. ಅದೇ ಹೊತ್ತಿಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ವಿಜ್ಞಾನ ಶಿಕ್ಷಕರಿಗೆ ತರಬೇತಿ ಆರಂಭಿಸಿತು. ಅಲ್ಲಿ ಉಪನ್ಯಾಸದ ಜೊತೆಗೆ ಶಿಕ್ಷಕರೇ ಪ್ರಯೋಗ ಮಾಡಿ ನೋಡುತ್ತಾರೆ. ಬೀರುವಿನ ಬೀಗಕ್ಕೆ ಇದುವರೆಗೆ ನಮ್ಮ ಜಿಲ್ಲೆ ಕೊಟ್ಟ ಒಳ್ಳೆಯ ಉತ್ತರ ಇದೇ ಎಂದುಕೊಂಡಿದ್ದೇನೆ.

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ಉದಾಹರಣೆಯೂ ಇಲ್ಲಿ ಬರಬೇಕು. ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ವ್ಯಾಕರಣವನ್ನು ‘ಗಣಕಾಷ್ಟಾಧ್ಯಾಯಿ’ ತಂತ್ರಾಂಶವಾಗಿ ರೂಪಿಸಿದರು. ಶಿವಶರಣರ ವಚನಗಳೂ ಅವರ ಮುತುವರ್ಜಿಯಲ್ಲೇ ಮೊಬೈಲಿಗೆ ಬಂದವು. ಪಾಠ ಬಲ್ಲವರೇ ಯಂತ್ರವನ್ನೂ ಕಲಿತ ಅಪರೂಪದ ಸಂದರ್ಭ ಇದು. ಯೋಜನೆಗಳಲ್ಲಿ ನಡೆದದ್ದು ಇದರ ಉಲ್ಟಾ.

2020ರಲ್ಲಿ ಕೋವಿಡ್ ಬಂದು ಶಾಲೆಗಳೇ ಬೀಗ ಹಾಕಿಕೊಂಡವು. ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಹೇಳಿತು, ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಸರ್ಕಾರದ ವಿದ್ಯಾಗಮ ಯೋಜನೆಯ ಹೆಸರಿನಲ್ಲಿ ಮೇಷ್ಟರುಗಳು ಗುಡಿಯ ಜಗಲಿ, ಅರಳಿಕಟ್ಟೆ, ಹಟ್ಟಿಯ ಅಂಗಳಗಳಿಗೆ ಹೋದರು. ಹೋಗುವ ಮುನ್ನ ಮಕ್ಕಳನ್ನು ಮೂರು ಗುಂಪು ಮಾಡಿದರು: ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವವರು, ಬರೀ ಬಟನ್ ಫೋನ್ ಇರುವವರು, ಯಾವುದೂ ಇಲ್ಲದವರು. ಶಾಲೆಯ ಹಾಜರಿ ಪುಸ್ತಕ ಅಲ್ಲಿಯವರೆಗೆ ಮಕ್ಕಳನ್ನು ಹಾಗೆ ವಿಂಗಡಿಸಿರಲಿಲ್ಲ. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು.

ಸ್ಮಾರ್ಟ್‌ಫೋನ್ ಇದ್ದ ಮನೆಯಲ್ಲೂ ಅದು ಇದ್ದದ್ದು ಅಪ್ಪನ ಜೇಬಿನಲ್ಲಿ. ಅಪ್ಪ ತೋಟಕ್ಕೆ ಹೋದರೆ ತರಗತಿಯೂ ತೋಟಕ್ಕೆ ಹೋಗುತ್ತಿತ್ತು. ಬೆಳಗ್ಗೆ ವಾಟ್ಸಾಪಿಗೆ ಬಿದ್ದ ಭಿನ್ನರಾಶಿಯ ಲೆಕ್ಕ ಮಗುವಿನ ಕಣ್ಣಿಗೆ ಬೀಳುತ್ತಿದ್ದದ್ದು ರಾತ್ರಿ ಊಟದ ಹೊತ್ತಿಗೆ. ಚಾರ್ಜು ಇಳಿಯುವುದರೊಳಗೆ ಅದನ್ನು ಸ್ಲೇಟಿಗೆ ಇಳಿಸಿಕೊಂಡು ಫೋನನ್ನು ಅಪ್ಪನಿಗೆ ವಾಪಸ್ಸು ಕೊಟ್ಟು, ಮಗು ಬಳಪ ಹಿಡಿದು ಕೂರುತ್ತಿತ್ತು.