ಆಕಾಶದ ಹೇನು

ನಿಮ್ಮ ಮನೆಗೆ ಬಾಗಿಲು ಕೂರಿಸುವಾಗ ಬಡಗಿ ಪಟ್ಟ ಪಾಡನ್ನು ನೀವು ನೋಡಿರಬಹುದು. ಮೂರು ಕೀಲುಗಳೂ ಒಂದೇ ನೇರಕ್ಕೆ ಬರಬೇಕು; ನಡುವಿನದು ಕೂದಲೆಳೆಯಷ್ಟು ಓರೆಯಾದರೂ ಬಾಗಿಲು ಹಿಡಿಯುತ್ತದೆ. ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳಿಗೂ ಇದೇ ತಾಪತ್ರಯ. ರೆಕ್ಕೆಯ ಹಿಂದಂಚಿನಲ್ಲಿ ಆಡುವ ಫ್ಲ್ಯಾಪಿನ ಕೀಲುಗಳನ್ನು ಅವರು ದಾರ ಹಿಡಿದು, ಅಳೆದು, ಬಿಚ್ಚಿ, ಮತ್ತೆ ಕೂರಿಸುತ್ತಾರೆ. ಆದರೆ ಕೀಲು ಸಲೀಸಾಗಿ ಆಡಿದ ಮಾತ್ರಕ್ಕೆ ವಿಮಾನ ಸರಿಯಾಯಿತೆನ್ನಬಹುದೆ? ಕೆಲವರು ಪ್ರಾಣ ತೆತ್ತ ಮೇಲೆಯೇ ಈ ಪ್ರಶ್ನೆಗೆ ಉತ್ತರ ದೊರೆತದ್ದು.

ಫ್ರಾನ್ಸಿನ ಆನ್ರಿ ಮಿನ್ಯೆ ಎಂಬಾತನಿಗೆ ರೂಢಿಯ ವಿಮಾನಗಳ ಚಾಲನೆ ಒಗ್ಗಲಿಲ್ಲ. ಕಾಲಿನ ಪೆಡಲುಗಳನ್ನೂ ರೆಕ್ಕೆತುದಿಯ ಫಲಕಗಳನ್ನೂ ಆತ ತೆಗೆದುಹಾಕಿದ. ಬದಲಿಗೆ, ಮುಂದಿನ ರೆಕ್ಕೆಯನ್ನೇ ಇಡಿಯಾಗಿ ಕೀಲಿನ ಮೇಲೆ ಕೂರಿಸಿದ. ಹಿಂದೆ, ತುಸು ಕೆಳಗೆ, ಅಲುಗಾಡದ ಇನ್ನೊಂದು ರೆಕ್ಕೆ. ಹಿಡಿಕೆಯನ್ನು ಎಳೆದರೆ ಮುಂದಿನ ರೆಕ್ಕೆಯ ಹಿಂದಂಚು ಇಳಿದು ವಿಮಾನ ಮೂಗೆತ್ತಬೇಕು. 17 ಅಶ್ವಶಕ್ತಿಯ ಪುಟ್ಟ ಎಂಜಿನ್ನಿನ ಈ ಯಂತ್ರ 1933ರ ಸೆಪ್ಟೆಂಬರ್ 10ರಂದು ಹಾರಿತು. ಆತ ಇಟ್ಟ ಹೆಸರು 'ಆಕಾಶದ ಹೇನು'. ಇಂಗ್ಲಿಷರಿಗೆ ಹೇನು ಹಿಡಿಸಲಿಲ್ಲವೇನೋ, ಅದನ್ನು ಚಿಗಟ ಮಾಡಿಕೊಂಡರು!

ಸಾಮಾನ್ಯನೂ ಮನೆಯಲ್ಲಿ ವಿಮಾನ ಕಟ್ಟಬಲ್ಲನೆಂಬುದು ಮಿನ್ಯೆಯ ನಂಬಿಕೆ. ಕಟ್ಟುವ ಬಗೆಯನ್ನು ವಿವರಿಸಿ 1934ರಲ್ಲಿ ಪುಸ್ತಕ ಬರೆದ. ಮರುವರ್ಷ ಅದು ಇಂಗ್ಲಿಷಿಗೂ ಬಂತು. 1935ರ ಆಗಸ್ಟ್ 13ರಂದು ತಾನೇ ಇಂಗ್ಲಿಷ್ ಕಾಲುವೆಯನ್ನು ದಾಟಿ ತೋರಿಸಿದ. ಇನ್ನು ಕೇಳಬೇಕೆ? ಬ್ರಿಟನ್ನಿನಲ್ಲೇ ನೂರಕ್ಕೂ ಮಿಕ್ಕ ಹೇನುಗಳು ನೋಂದಣಿಯಾದವು.

ಆಮೇಲೆ ಅಪಘಾತಗಳು ತೊಡಗಿದವು. ತಲೆಕೆಳಗಾಗಿ ನೆಲಕ್ಕೆರಗಿದ ಯಂತ್ರಗಳು ಮತ್ತೆ ಮೇಲೇಳಲಿಲ್ಲ. ಕಟ್ಟಿದವರ ಕೈತಪ್ಪೆಂದು ಯಾರಿಗಾದರೂ ತೋರುವುದು ಸಹಜವೇ. ಕೊನೆಗೆ 1936ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿಯೂ ಫ್ರಾನ್ಸಿನ ಷಾಲೆ ಮ್ಯೂದೋನಿನಲ್ಲಿಯೂ ಇಡೀ ಯಂತ್ರವನ್ನೇ ದೊಡ್ಡ ಗಾಳಿ ಸುರಂಗದೊಳಗಿಟ್ಟು ಪರೀಕ್ಷಿಸಿದರು.

ತಪ್ಪು ಸಿಕ್ಕಿದ್ದು ಎರಡು ರೆಕ್ಕೆಗಳ ನಡುವಿನ ಸಂದಿಯಲ್ಲಿ. ಮುಂದಿನ ರೆಕ್ಕೆಯ ಹಿಂದಂಚು ಇಳಿದಂತೆ ಆ ಸಂದಿ ಕಿರಿದಾಗುತ್ತದೆ. ಅದರಲ್ಲಿ ನುಗ್ಗುವ ಗಾಳಿ ಹಿಂದಿನ ರೆಕ್ಕೆಯನ್ನು ಬಲವಾಗಿ ಎತ್ತುತ್ತದೆ. ಸಾಮಾನ್ಯ ಹಾರಾಟದಲ್ಲಿ ಇದರಿಂದ ಬಾಧೆಯಿಲ್ಲ. ಆದರೆ ವಿಮಾನ ಕಡಿದಾಗಿ ಮೂಗು ಬಗ್ಗಿಸಿತೆನ್ನಿ. ಚಾಲಕ ಗಾಬರಿಯಿಂದ ಹಿಡಿಕೆ ಎಳೆಯುತ್ತಾನೆ, ಹಿಂಭಾಗ ಏಳುತ್ತದೆ, ಮೂಗು ಮತ್ತಷ್ಟು ಬಗ್ಗುತ್ತದೆ. ಎಳೆದಷ್ಟೂ ಅಪಾಯ! ಇದನ್ನು ದಾರ, ಮಟ್ಟಗೋಲುಗಳಿಂದ ಯಾವ ಬಡಗಿ ಕಂಡುಹಿಡಿದಾನು? ಪುಸ್ತಕದಲ್ಲಿದ್ದಂತೆ ಅಚ್ಚುಕಟ್ಟಾಗಿ ಕಟ್ಟಿದವನಿಗೂ ಅದೇ ಗತಿಯಾಗಬಹುದಿತ್ತು.

ಮಿನ್ಯೆ ಕೈಚೆಲ್ಲಿ ಕೂರಲಿಲ್ಲ. ರೆಕ್ಕೆಯ ಆಕಾರವನ್ನೂ ಜೋಡಣೆಯನ್ನೂ ತಿದ್ದಿ, 1965ರಲ್ಲಿ ತೀರಿಕೊಳ್ಳುವವರೆಗೂ ಹೊಸ ಹೊಸ ಮಾದರಿಗಳನ್ನು ರೂಪಿಸಿದ. ತಿದ್ದಿದ ಹೇನುಗಳನ್ನು ಹವ್ಯಾಸಿಗಳು ಇಂದಿಗೂ ಕಟ್ಟಿ ಹಾರಿಸುತ್ತಾರೆ. ಹಳೆಯವು ಕೆಲವು ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿವೆ. ಎಂದಾದರೂ ಕಂಡರೆ, ಎರಡು ರೆಕ್ಕೆಗಳ ನಡುವಿನ ಆ ಸಂದಿಯನ್ನೊಮ್ಮೆ ಬಗ್ಗಿ ನೋಡಿ.