ಎಲೆ ಎಣಿಕೆ
ಬ್ಲ್ಯಾಕ್‌ಜಾಕ್ ಇಸ್ಪೀಟಾಟದಲ್ಲಿ ಕಟ್ಟಿನಲ್ಲಿ ಉಳಿದ ಎಲೆಗಳನ್ನು ಅಂದಾಜಿಸಿ ಪಣವನ್ನು ಏರಿಳಿಸುವ ವಿಧಾನ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರ ‘ಬೀಟ್ ದ ಡೀಲರ್’ ಪುಸ್ತಕದಿಂದ ಇದನ್ನು ಜನಪ್ರಿಯಗೊಳಿಸಿದರು. ಪ್ರತಿ ಎಲೆಯನ್ನೂ ನೆನಪಿಡಬೇಕೆಂಬುದು ಸಿನಿಮಾದ ಕಲ್ಪನೆ. ತಲೆಯಲ್ಲಿರಬೇಕಾದದ್ದು ಒಂದೇ ಸಂಖ್ಯೆ. ‘ಹೈ-ಲೋ’ ಪದ್ಧತಿಯಲ್ಲಿ 2ರಿಂದ 6ರವರೆಗಿನ ಎಲೆ ಬಿದ್ದರೆ ಒಂದು ಕೂಡಬೇಕು. 10, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಬೇಕು. 7, 8, 9 ಲೆಕ್ಕಕ್ಕಿಲ್ಲ. ಹಲವು ಕಟ್ಟುಗಳ ಆಟವಾದರೆ ಮೊತ್ತವನ್ನು ಉಳಿದ ಕಟ್ಟುಗಳ ಸಂಖ್ಯೆಯಿಂದ ಭಾಗಿಸಬೇಕು. ಎಣಿಕೆ ಏರಿದಷ್ಟೂ ದೊಡ್ಡ ಎಲೆಗಳು ಹೆಚ್ಚು ಉಳಿದಿವೆ ಎಂದರ್ಥ. ಆಗ ಮೊದಲೆರಡು ಎಲೆಗಳಲ್ಲೇ ಎಕ್ಕ ಮತ್ತು 10ರ ಬೆಲೆಯ ಎಲೆ ಸೇರಿ ಒಂದೂವರೆ ಪಟ್ಟು ಹಣ ತರುವ ಬ್ಲ್ಯಾಕ್‌ಜಾಕ್‌ ಬೀಳುವ ಸಂಭವ ಹೆಚ್ಚು; 17 ಮುಟ್ಟುವವರೆಗೆ ಎಲೆ ಎತ್ತಲೇಬೇಕಾದ ಡೀಲರ್ 12ರಿಂದ 16ರಲ್ಲಿದ್ದಾಗ 21 ದಾಟಿ ಸೋಲುವುದೂ ಹೆಚ್ಚು. ಲಾಭ ಮಾತ್ರ ಅತ್ಯಲ್ಪ. ಯಂತ್ರದ ನೆರವಿಲ್ಲದೆ ಎಣಿಸುವುದು ಅಮೆರಿಕದಲ್ಲಿ ಅಪರಾಧವಲ್ಲ. ಆದರೂ ನೆವಾಡದ ಕ್ಯಾಸಿನೊಗಳು ಎಣಿಸುವವರನ್ನು ಹೊರಗಟ್ಟುತ್ತವೆ.