ಮಕ್ಕಳಿಗೆ ಬಯಲು ದಕ್ಕಿದ ಕಥೆ

ದೇಹೂ ರೋಡಿನಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೆ ಬೆಟ್ಟಗುಡ್ಡಗಳು ದೂರವಲ್ಲ. ತಳೇಗಾವದ ದಿಕ್ಕಿಗೆ ಹೊರಟರೆ ಬೌದ್ಧ ಭಿಕ್ಷುಗಳು ಕೊರೆದ ಗುಹೆಗಳಿರುವ ಘೋರಾವಾಡಿಯ ಗುಡ್ಡ. ದೇಹೂ ಗ್ರಾಮದ ಕಡೆಗೆ ನಡೆದರೆ ಇಂದ್ರಾಯಣಿ ನದಿ. ಅದರಾಚೆ ಸಂತ ತುಕಾರಾಮರು ಧ್ಯಾನಕ್ಕೆ ಹೋಗುತ್ತಿದ್ದ ಭಂಡಾರ ಬೆಟ್ಟ. ಆದರೂ ರಜೆ ಬಂದಾಗ ಮಕ್ಕಳನ್ನು ಶಿಬಿರಕ್ಕೋ ಚಾರಣಕ್ಕೋ ಕಳಿಸುವ ಮಾತೆತ್ತಿದರೆ ನಮ್ಮ ಮನೆಗಳಲ್ಲಿ ಅನುಮಾನಗಳೇ ಮುಂದು. ಓದು ಕೆಟ್ಟೀತು ಎಂಬುದು ತಂದೆಯ ಚಿಂತೆ. ಹೆಣ್ಣು ಹುಡುಗಿ ಡೇರೆಯಲ್ಲಿ ಹೇಗೆ ಮಲಗಿಯಾಳು ಎಂಬುದು ತಾಯಿಯ ಚಿಂತೆ. ಈ ಚಿಂತೆಗಳನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಬಯಲಿಗೆ ಹೋಗಿ ಕಲಿಯುವ ಈ ಅವಕಾಶ ಒಂದು ಕಾಲಕ್ಕೆ ನಮ್ಮ ಮಕ್ಕಳಿಗೆ ಮುಚ್ಚಿದ ಬಾಗಿಲಾಗಿತ್ತು, ಹಿರಿಯರು ಹಟ ಹಿಡಿದು ಅದನ್ನು ತೆರೆಸಿದರು ಎಂಬ ಚರಿತ್ರೆಯನ್ನು ನಾವು ತಿಳಿದಿರಬೇಕು. ಆ ಚರಿತ್ರೆಯ ಮೊದಲ ಭಾರತೀಯ ಪುಟ ತೆರೆದದ್ದು ನಮ್ಮ ಬೆಂಗಳೂರಿನಲ್ಲಿ.

ಬಯಲಿನ ಒಡನಾಟ ಕನ್ನಡಿಗರಿಗೆ ಹೊಸದೇನಲ್ಲ. ಬೀದರ, ಕಲಬುರ್ಗಿ, ವಿಜಾಪುರಗಳ ಕಡೆಯಿಂದ ಬಂದ ಹಿರಿಯರಿಗೆ ಎಳ್ಳಮಾವಾಸ್ಯೆಯ ನೆನಪು ಇದ್ದೇ ಇದೆ. ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು ಸಂಜೆಗೆ ಮರಳುವ ಹಬ್ಬವದು. ಯಾವ ಗಿಡದ ಹಣ್ಣು ತಿನ್ನಬಹುದು, ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ ಎಂಬುದನ್ನು ಹಳ್ಳಿಯ ಹುಡುಗನಿಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ. ಹೊಲದ ಕೆಲಸದ ಜೊತೆಗೇ ಆ ವಿದ್ಯೆ ಬರುತ್ತಿತ್ತು. ಹೊಲ ಬಿಟ್ಟು ನೌಕರಿಗಾಗಿ ಊರು ದಾಟಿದವರ ಮಕ್ಕಳಿಗೆ ಅದು ತಾನಾಗಿ ಬರುವುದಿಲ್ಲ. ಪ್ರಯತ್ನಪೂರ್ವಕವಾಗಿ ಕೊಡಬೇಕಾಗುತ್ತದೆ.

ಯೂರೋಪಿನ ಕೈಗಾರಿಕಾ ನಗರಗಳಿಗೆ ಈ ಅರಿವು ನಮಗಿಂತ ಮೊದಲೇ ಬಂದಿತು. 1901ರಲ್ಲಿ ಬರ್ಲಿನ್ ಬಳಿಯ ಸ್ಟೆಗ್ಲಿಟ್ಸ್‌ನಲ್ಲಿ ಶಾಲಾ ಹುಡುಗರ ಕಾಲ್ನಡಿಗೆಯ ಸಂಘವೊಂದು ಹುಟ್ಟಿತು. ಅದರ ಹೆಸರು 'ವಾಂಡರ್‌ಫೋಗೆಲ್', ಎಂದರೆ ವಲಸೆ ಹಕ್ಕಿ. 1909ರಲ್ಲಿ ರಿಚರ್ಡ್ ಶಿರ್ಮಾನ್ ಎಂಬ ಜರ್ಮನ್ ಶಿಕ್ಷಕ ಮಕ್ಕಳೊಡನೆ ಕಾಲ್ನಡಿಗೆಯಲ್ಲಿದ್ದಾಗ ಬಿರುಮಳೆಗೆ ಸಿಕ್ಕಿ, ಒಂದು ಶಾಲೆಯ ಕಟ್ಟಡದಲ್ಲಿ ರಾತ್ರಿ ಕಳೆಯಬೇಕಾಯಿತು. ಅಂದು ಹೊಳೆದ ಯೋಚನೆಯ ಫಲವೇ ಇಂದು ಜಗತ್ತಿನ ತುಂಬ ಹರಡಿರುವ ಯೂತ್ ಹಾಸ್ಟೆಲ್ಲುಗಳು.

ಇಂಗ್ಲೆಂಡಿನಲ್ಲಿ ಈ ಕೆಲಸ ಕೈಗೊಂಡವನು ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ. ಕಂಟೋನ್ಮೆಂಟಿನಲ್ಲಿ ವಾಸಿಸುವ ನಮಗೆ ಅವನ ಕಥೆ ಸ್ವಾರಸ್ಯವಾಗಿ ಕಂಡೀತು. 1897ರಿಂದ ಅವನು ಮೀರತ್ ದಂಡಿನಲ್ಲಿದ್ದು, ತನ್ನ ಸಿಪಾಯಿಗಳಿಗೆ ಹೆಜ್ಜೆಗುರುತು ನೋಡುವುದು, ದಾರಿ ಹುಡುಕುವುದು, ಕಂಡದ್ದನ್ನು ನೆನಪಿಡುವುದು ಮೊದಲಾದ ವಿದ್ಯೆಗಳನ್ನು ಕಲಿಸಿದ. ಅದರ ಆಧಾರದ ಮೇಲೆ ಅವನು ಸೈನಿಕರಿಗಾಗಿ ಬರೆದ ಕೈಪಿಡಿ 1899ರಲ್ಲಿ ಅಚ್ಚಾಯಿತು. ಅದನ್ನು ಹುಡುಗರೂ ಓದಿ ಆಡತೊಡಗಿದರು. ಆಗ ಅವನು 1907ರ ಆಗಸ್ಟಿನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಸಿ ನೋಡಿದ. ದೊಡ್ಡ ಶಾಲೆಗಳಲ್ಲಿ ಓದುವ ಸಿರಿವಂತರ ಮಕ್ಕಳೂ ಕೂಲಿಗಾರರ ಮಕ್ಕಳೂ ಅಲ್ಲಿ ಒಂದೇ ಬಿಡಾರದಲ್ಲಿ ಉಂಡು ಮಲಗಿದರು. ಮರುವರ್ಷ 'ಸ್ಕೌಟಿಂಗ್ ಫಾರ್ ಬಾಯ್ಸ್' ಗ್ರಂಥ ಹೊರಬಂದಿತು. ಯುದ್ಧದ ವಿದ್ಯೆ ಮಕ್ಕಳ ಕೈಯಲ್ಲಿ ಶಾಂತಿಯ ವಿದ್ಯೆಯಾಯಿತು.

ಇದಾದ ಸ್ವಲ್ಪ ಕಾಲದಲ್ಲೇ, 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲಿ ಭಾರತದ ಮೊಟ್ಟಮೊದಲ ಬಾಲಚರ ದಳವನ್ನು ಸ್ಥಾಪಿಸಿದರು. ಅಭಿಮಾನ ಪಡುವ ಸಂಗತಿಯೇ ಸರಿ. ಆದರೆ ಅದರ ಜೊತೆಗೊಂದು ಕಹಿ ಮಾತೂ ಇದೆ. ಆ ದಳ ಬ್ರಿಟಿಷ್ ಹಾಗೂ ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಮಾತ್ರ ಮೀಸಲು. ಭಾರತೀಯ ಹುಡುಗರಿಗೆ ಶಿಸ್ತು, ಸಂಘಟನೆ, ನಾಯಕತ್ವಗಳ ತರಬೇತಿ ದೊರೆತರೆ ನಾಳೆ ಅವರು ನಮಗೇ ತಿರುಗಿಬಿದ್ದಾರು ಎಂಬ ಅಳುಕು ಆಳುವವರಿಗಿತ್ತು. ವಿಪರ್ಯಾಸವನ್ನು ನೋಡಿ: ಬಾಲಚರರ ಹೆಸರಾಂತ ನೆನಪಿನಾಟ ಕಿಪ್ಲಿಂಗನ 'ಕಿಮ್' ಕಾದಂಬರಿಯದು, ಅದು ನಡೆಯುವುದು ಶಿಮ್ಲಾದಲ್ಲಿ. ಚಿಕ್ಕ ಮಕ್ಕಳ 'ಕಬ್' ವಿಭಾಗಕ್ಕೆ ಆಧಾರವಾದ ಮೌಗ್ಲಿಯ ಕಥೆ ನಡೆಯುವುದು ಮಧ್ಯ ಭಾರತದ ಸಿವನಿಯ ಕಾಡಿನಲ್ಲಿ. ಕಾಡು ನಮ್ಮದು, ಕಥೆ ನಮ್ಮ ನೆಲದ್ದು, ಆಟದಿಂದ ಹೊರಗುಳಿದವರು ಮಾತ್ರ ನಮ್ಮ ಮಕ್ಕಳು!

ನಮ್ಮ ಹಿರಿಯರು ಇದನ್ನು ಸಹಿಸಿಕೊಂಡು ಕೂಡಲಿಲ್ಲ. 1913ರಲ್ಲಿ ಶ್ರೀರಾಮ ಬಾಜಪೇಯಿಯವರು ಶಾಹಜಹಾನ್‌ಪುರದಲ್ಲಿ ಭಾರತೀಯ ಹುಡುಗರ ದಳ ಕಟ್ಟಿದರು. 1916ರಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಮದರಾಸಿನಲ್ಲಿ ಭಾರತೀಯ ಬಾಲಚರ ಸಂಘವನ್ನು ಆರಂಭಿಸಿದರು. ಅದರ ಹುಡುಗರು ರುಮಾಲು ಸುತ್ತಿ ಭಾರತೀಯ ಗೀತೆಗಳನ್ನೇ ಹಾಡಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಅವರ ಆಶ್ರಯದಲ್ಲಿ ಸೇವಾ ಸಮಿತಿಯ ಬಾಲಚರ ಸಂಘ ಬೆಳೆಯಿತು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದ ಹೊತ್ತಿಗೆ ಬಾಗಿಲು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಬೆಸೆಂಟ್ ಅವರ ಸಂಘ ಮೂಲ ಸಂಸ್ಥೆಯೊಡನೆ ಸೇರಿಕೊಂಡಿತು. ಸೇವಾ ಸಮಿತಿ ತನ್ನ ಸ್ವಾತಂತ್ರ್ಯವನ್ನು ಉಳಿಸಿಕೊಂಡಿತು.

ಇದೇ ಕಾಲದಲ್ಲಿ ಕನ್ನಡ ನಾಡಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಧಾರವಾಡದಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ, ಹುಬ್ಬಳ್ಳಿಯನ್ನೇ ಅದರ ಕೇಂದ್ರವನ್ನಾಗಿ ಮಾಡಿಕೊಂಡರು. ಪ್ರಕೃತಿ ವೀಕ್ಷಣೆ ಅದರ ಗುರಿಯಲ್ಲ, ನಿಜ. ಆದರೆ ಶಿಬಿರ, ಕವಾಯತು, ಸಾಮೂಹಿಕ ಬಾಳ್ವೆಗಳ ಮೂಲಕ ತರುಣರನ್ನು ತಿದ್ದಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಮಹಾಸಭೆಗೆ ದುಡಿದ ಸ್ವಯಂಸೇವಕರ ಹಿಂದೆ ಈ ತರಬೇತಿಯಿತ್ತು.

ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆಬೇರೆ ಬಾಲಚರ ಸಂಘಗಳು ಒಂದಾಗಿ 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಸಂಸ್ಥೆ ಹುಟ್ಟಿತು. ಮರುವರ್ಷ ಹುಡುಗಿಯರ ಗೈಡ್ ಸಂಸ್ಥೆಯೂ ಅದನ್ನು ಕೂಡಿಕೊಂಡಿತು. ಒಂದು ಕಾಲಕ್ಕೆ ದೊರೆಗಳ ಮಕ್ಕಳಿಗಷ್ಟೇ ತೆರೆದಿದ್ದ ಬಾಲಚರ ಬಿಡಾರ ಮೊದಲು ನೆಲೆಯೂರಿದ್ದ ಬೆಂಗಳೂರಿನ ಹತ್ತಿರವೇ, ದೊಡ್ಡಬಳ್ಳಾಪುರದಲ್ಲಿ, ಇಂದು ಕರ್ನಾಟಕದ ಬಾಲಚರರ ತರಬೇತಿ ಕೇಂದ್ರವಿದೆ. ಅದಕ್ಕೆ ಆನಿ ಬೆಸೆಂಟ್ ಅವರ ಹೆಸರಿಟ್ಟಿರುವುದು ಉಚಿತವಾಗಿದೆ.

ಹೆಣ್ಣುಮಕ್ಕಳ ಬಗೆಗಿನ ಚಿಂತೆಗೂ ಚರಿತ್ರೆಯಲ್ಲಿ ಉತ್ತರವುಂಟು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಬಾಲಚರರ ಮೇಳಕ್ಕೆ ಹುಡುಗಿಯರೂ ಕರೆಯದೆಯೇ ಬಂದು ನಿಂತರು. ಅದರಿಂದ ಗೈಡ್ ಚಳವಳಿ ಹುಟ್ಟಿ, 1911ರಲ್ಲಿ ಜಬಲ್‌ಪುರದಲ್ಲಿ ಭಾರತದ ಮೊದಲ ಗೈಡ್ ದಳ ಆರಂಭವಾಯಿತು. ಇನ್ನು ನಮ್ಮ ಪುಣೆಯ ಹೆಮ್ಮೆಯ ವಿಷಯ: ಇಡೀ ಜಗತ್ತಿನ ಗೈಡುಗಳಿಗೆ ಸೇರಿದ ಅಂತರರಾಷ್ಟ್ರೀಯ ಕೇಂದ್ರಗಳು ಕೆಲವೇ, ಅವುಗಳಲ್ಲೊಂದಾದ 'ಸಂಗಮ್' 1966ರ ಅಕ್ಟೋಬರ್ 16ರಂದು ಇದೇ ಪುಣೆಯ ಆಳಂದಿ ರಸ್ತೆಯಲ್ಲಿ ಆರಂಭವಾಯಿತು. ದೇಶದೇಶಗಳ ತಾಯಂದಿರು ತಮ್ಮ ಮಗಳನ್ನು ಸಮುದ್ರ ದಾಟಿಸಿ ಈ ಊರಿಗೆ ಕಳಿಸಿರುವಾಗ, ನಾವು ನಮ್ಮ ಮಗಳನ್ನು ಭಂಡಾರ ಬೆಟ್ಟದವರೆಗೆ ಕಳಿಸಲು ಇಷ್ಟೊಂದು ಹಿಂದೆಮುಂದೆ ನೋಡಬೇಕೆ?

ಇಲ್ಲಿ ಹೊರನಾಡಿನವರಾದ ನಮಗೆ ಇನ್ನೊಂದು ವಿಶೇಷ ಕಾರಣವಿದೆ. ಮನೆಯ ನಾಲ್ಕು ಗೋಡೆಗಳ ನಡುವೆ ಕನ್ನಡದ ಕೆಲವು ನೂರು ಮಾತುಗಳು ಉಳಿದಾವು. ಆದರೆ ಗಿಡಮರ ಹಕ್ಕಿಗಳ ಹೆಸರುಗಳು ಬಯಲಿನಲ್ಲೇ ಬದುಕುವಂಥವು. ಮುತ್ತುಗ ಇಲ್ಲಿ ಪಳಸ, ಹೊಂಗೆ ಇಲ್ಲಿ ಕರಂಜ, ಮಿಂಚುಳ್ಳಿ ಇಲ್ಲಿ ಖಂಡ್ಯಾ. ಸ್ಕೌಟ್ ಶಿಬಿರದಲ್ಲಿ ಪುಟ್ಟ ಹುಡುಗಿಯರ ತಂಡಕ್ಕೆ 'ಬುಲ್‌ಬುಲ್' ಎಂದು ಹೆಸರು. ಆ ಹಕ್ಕಿ ನಮ್ಮ ಪಿಕಳಾರವೇ ಎಂದು ಹೇಳಿಕೊಡಲು ಜೊತೆಯಲ್ಲೊಬ್ಬ ಕನ್ನಡಿಗರು ಬೇಕು. ಒಂದು ಗುಡ್ಡ ಹತ್ತಿಳಿದ ಮಗು ಎರಡು ಭಾಷೆಗಳನ್ನು ಹೊತ್ತು ಮನೆಗೆ ಬರುತ್ತದೆ.

ಇದಕ್ಕೆ ದೊಡ್ಡ ಸಿದ್ಧತೆ ಬೇಡ. ಶಾಲೆಯಲ್ಲಿ ಸ್ಕೌಟ್ ದಳವಿದ್ದರೆ ಮಕ್ಕಳನ್ನು ಸೇರಿಸಬೇಕು. ಇಲ್ಲವಾದರೆ ನಾಲ್ಕಾರು ಮನೆಯವರು ಕೂಡಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡಬಹುದು. ಸೈನ್ಯದ ಆವರಣಗಳನ್ನು ಬಿಟ್ಟು ಜನರು ಓಡಾಡುವ ದಾರಿಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ನದಿಗಿಳಿಯಬಾರದು. ಅಜ್ಜ ಅಜ್ಜಿಯರನ್ನು ಮರೆಯದೆ ಕರೆದೊಯ್ಯಬೇಕು. ಗಿಡದ ಹೆಸರು ಗೊತ್ತಿರುವುದು ಅವರಿಗೆ. ಎಳ್ಳಮಾವಾಸ್ಯೆಯ ದಿನ ಸ್ವಂತ ಹೊಲವಿಲ್ಲದಿದ್ದರೂ ರೊಟ್ಟಿಯ ಗಂಟಿದ್ದರೆ ಸಾಕು.

ಅಂದು ಬಾಗಿಲು ಹಾಕಿದವರು ಪರರಾಜ್ಯದವರು, ತೆರೆಸಿದವರು ನಮ್ಮವರು. ಪರೀಕ್ಷೆಯ ಭಯದಿಂದಲೋ ಲೋಕದ ಮಾತಿನ ಭಯದಿಂದಲೋ ಅದೇ ಬಾಗಿಲಿಗೆ ನಾವೇ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ.